ಮಾರುತಿ 800 ಬಿಡಿಸೋಕೆ ಇಂಕ್‌ಸ್ಕೇಪ್ ಸಾಕಾ?

ಕಾರಿನ ಚಿತ್ರ ಬಿಡಿಸಬೇಕು ಅಂದರೆ ದುಡ್ಡು ಕೊಟ್ಟು ಸಾಫ್ಟ್‌ವೇರ್ ತಗೊಳ್ಳಲೇಬೇಕಾ ಅಂತ ನಮ್ಮ ಕಾಲೇಜಿನ ಜೂನಿಯರ್‌ಗಳು ಕೇಳುತ್ತಲೇ ಇರುತ್ತಾರೆ. ಬೇಡ ಅನ್ನೋದು ನನ್ನ ಉತ್ತರ. ಇಂಕ್‌ಸ್ಕೇಪ್ ಅನ್ನೋ ಚಿತ್ರ ಬಿಡಿಸುವ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ, ಸಾಕು. ಆದರೆ ಎಲ್ಲಿವರೆಗೆ ಸಾಕು, ಎಲ್ಲಿ ಸಾಲದು ಅನ್ನೋದನ್ನೂ ಹೇಳಬೇಕಲ್ವಾ? ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ. ಹಳೇ ಕಾರು ಅಂದರೆ ಪ್ರಾಣ. ಅವುಗಳ ಪೋಸ್ಟರ್ ಮಾಡುತ್ತೇನೆ, ಸ್ಟಿಕರ್ ಮಾಡುತ್ತೇನೆ, ಕಾಲೇಜು ಫೆಸ್ಟ್ ಬಂದರೆ ಟೀ-ಶರ್ಟ್ ಮೇಲಿನ ಚಿತ್ರವೂ ನನ್ನದೇ. ಕೈಯಲ್ಲಿರೋದು ಅಣ್ಣ ಬಳಸಿ ಕೊಟ್ಟ ಲ್ಯಾಪ್‌ಟಾಪ್. 8 ಜಿಬಿ ರ‍್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಪೆನ್ ಟ್ಯಾಬ್ಲೆಟ್ ಕೂಡ ಇಲ್ಲ, ಮೌಸ್ ಅಷ್ಟೇ. ಇಲ್ಲಿ ಹೇಳೋದೆಲ್ಲ ಇಂಥ ಮೆಷಿನ್‌ನಲ್ಲಿ ಕೂತು ಕೆಲಸ ಮಾಡುವವರ ಅನುಭವ ಅಂತ ಓದಿಕೊಳ್ಳಿ.

ಇಂಕ್‌ಸ್ಕೇಪ್ ಒಂದು ಕಂಪನಿಯ ಸರಕಲ್ಲ. ಸೋಡಿಪೋಡಿ ಅನ್ನುವ ಇನ್ನೊಂದು ಉಚಿತ ಸಾಫ್ಟ್‌ವೇರ್‌ನಿಂದ 2003ರಲ್ಲಿ ಕೆಲವರು ಬೇರೆಯಾಗಿ ಇದನ್ನು ಶುರು ಮಾಡಿದರು. ಆಸಕ್ತಿ ಇರುವವರೇ ಸೇರಿ ಬೆಳೆಸುತ್ತಾ ಬಂದು, 1.0 ಅನ್ನುವ ಆವೃತ್ತಿ ಹೊರಬರುವ ಹೊತ್ತಿಗೆ 2020 ಆಗಿತ್ತು. ನಾನು ಬಳಸುತ್ತಿರುವ 1.4 ಬಂದದ್ದು 2024ರ ಅಕ್ಟೋಬರ್‌ನಲ್ಲಿ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಉಚಿತ ಅಂದರೆ ಪೂರ್ತಿ ಉಚಿತ. ಒಂದು ತಿಂಗಳು ಆದ ಮೇಲೆ ದುಡ್ಡು ಕೇಳುವ ಟ್ರಯಲ್ ಅಲ್ಲ, ಚಿತ್ರದ ಮೇಲೆ ಕಂಪನಿ ಹೆಸರಿನ ಗುರುತೂ ಬೀಳಲ್ಲ. ಮಾಡಿದ ಕೆಲಸವನ್ನು ಮಾರಬಹುದು. ಹಾಸ್ಟೆಲ್‌ನಲ್ಲಿ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಕೈಯಿಂದ ಕೈಗೆ ಹೋಗುತ್ತಿರುತ್ತದೆ, ಗೊತ್ತು. ಅದರ ಜೊತೆ ವೈರಸ್ ಬರುವ ಭಯ ಬೇರೆ. ಅಂಥದ್ದರ ಗೊಡವೆಯೇ ಇಲ್ಲದೆ ನನ್ನದು ಅಂತ ಹೇಳಿಕೊಳ್ಳುವ ಕೆಲಸ ಮಾಡಬಹುದು ಅನ್ನೋದು ನನಗೆ ದೊಡ್ಡ ವಿಷಯ.

ಇದು ವೆಕ್ಟರ್ ಸಾಫ್ಟ್‌ವೇರ್. ಫೋಟೋ ತರಹ ಚುಕ್ಕಿಗಳಿಂದ ಚಿತ್ರ ಆಗೋದಿಲ್ಲ. ಗೆರೆ ಎಲ್ಲಿ ಶುರು, ಎಲ್ಲಿ ಮುಗಿಯುತ್ತೆ, ಹೇಗೆ ಬಾಗುತ್ತೆ ಅನ್ನುವ ಲೆಕ್ಕವೇ ಚಿತ್ರ. ಅದಕ್ಕೇ ಒಂದೇ ಫೈಲನ್ನು ಕೀ-ಚೈನ್ ಅಳತೆಗೂ ಹಾಕಬಹುದು, ಗೋಡೆ ತುಂಬುವ ಫ್ಲೆಕ್ಸಿಗೂ ಹಾಕಬಹುದು. ಅಂಚು ಒಡೆಯೋದಿಲ್ಲ.

ಕಾರು ಇಷ್ಟಪಡುವವರಿಗೆ ಇಲ್ಲೊಂದು ಖುಷಿಯ ವಿಷಯ ಇದೆ. ಇಂಕ್‌ಸ್ಕೇಪ್‌ನಲ್ಲಿ ಬಿ ಒತ್ತಿದರೆ ಬರುವ ಗೆರೆ ಎಳೆಯುವ ಟೂಲಿಗೆ ಬೆಝಿಯರ್ ಅಂತ ಹೆಸರು. ಪಿಯರ್ ಬೆಝಿಯರ್ ಫ್ರಾನ್ಸಿನ ರೆನೋ ಕಾರು ಕಂಪನಿಯ ಎಂಜಿನಿಯರ್. 1960ರ ದಶಕದಲ್ಲಿ ಕಾರಿನ ಬಾಡಿಯ ಬಾಗುಗಳನ್ನು ಕಂಪ್ಯೂಟರಿಗೆ ತಿಳಿಯುವ ಹಾಗೆ ಬರೆಯೋದು ಹೇಗೆ ಅಂತ ಕೂತು ಈ ವಿಧಾನವನ್ನು ಬೆಳೆಸಿದವರು ಅವರು. ಅದಕ್ಕೂ ಸ್ವಲ್ಪ ಮೊದಲೇ, 1959ರಲ್ಲಿ, ಸಿಟ್ರೋಯೆನ್‌ನಲ್ಲಿದ್ದ ಪಾಲ್ ಡಿ ಕಾಸ್ಟೆಲ್ಜೋ ಇದೇ ಬಾಗುಗಳ ಲೆಕ್ಕ ಹಾಕಿದ್ದರು. ಕಂಪನಿ ಅದನ್ನು ಗುಟ್ಟಾಗಿ ಇಟ್ಟುಕೊಂಡಿದ್ದರಿಂದ ಹೆಸರು ಬೆಝಿಯರ್ ಪಾಲಾಯಿತು. ಇವತ್ತು ಲೋಗೋ, ಅಕ್ಷರ, ಮದುವೆ ಕಾರ್ಡು ಎಲ್ಲಕ್ಕೂ ಬಳಸುವ ಈ ಗೆರೆ ಹುಟ್ಟಿದ್ದು ಕಾರಿನ ಬಾನೆಟ್ಟು, ಫೆಂಡರ್ (ಚಕ್ರದ ಮೇಲಿನ ತಗಡು) ಮಾಡುವ ಜಾಗದಲ್ಲಿ. ಆದ್ದರಿಂದ ಈ ಟೂಲ್ ಹಿಡಿದು ಕಾರು ಬಿಡಿಸೋದು ಅಂದರೆ ಅದನ್ನು ಅದರ ಮನೆ ಕೆಲಸಕ್ಕೇ ಹಚ್ಚಿದ ಹಾಗೆ. ಇಂಕ್‌ಸ್ಕೇಪ್ ನನಗೆ ಇಷ್ಟವಾಗಲು ಇದೇ ದೊಡ್ಡ ಕಾರಣ: ಇದರಲ್ಲಿ ಬಿಡಿಸುತ್ತಾ ಹೋದರೆ ಕಾರನ್ನು ನೋಡುವ ಕಣ್ಣೇ ಬದಲಾಗುತ್ತದೆ.

ದೊಡ್ಡಪ್ಪನ ಬಿಳಿ ಮಾರುತಿ 800 ಉದಾಹರಣೆ ಕೊಡುತ್ತೇನೆ. ಚಿತ್ರದುರ್ಗದ ಮನೆ ಮುಂದೆ ಈಗಲೂ ನಿಂತಿದೆ. 1983ರ ಡಿಸೆಂಬರ್‌ನಲ್ಲಿ ಬಂದ ಕಾರು, 2014ರಲ್ಲಿ ತಯಾರಿಕೆ ನಿಂತಿತು. ನೋಡೋಕೆ ಸುಲಭ ಅನ್ನಿಸುತ್ತದೆ, ಡಬ್ಬಿ ಆಕಾರ ತಾನೆ ಅಂತ. ಎರಡು ಗೆರೆ ಎಳೆದು ನೋಡಿ, ಆಗ ಗೊತ್ತಾಗುತ್ತದೆ. ಅದರಲ್ಲಿ ನೇರ ಗೆರೆ ಒಂದೂ ಇಲ್ಲ. ಕಾರಿನ ಮಾಡು, ಅಂದರೆ ಚಾವಣಿ, ಹಿಂದಕ್ಕೆ ಹೋಗುತ್ತಾ ಸಣ್ಣಗೆ ಇಳಿಯುತ್ತದೆ. ಬಾಗಿಲ ಮೇಲಿನ ಗೆರೆ ನೇರ ಅಂತ ಕಂಡರೂ ಮಧ್ಯದಲ್ಲಿ ಕೂದಲೆಳೆಯಷ್ಟು ಮೇಲೆದ್ದಿರುತ್ತದೆ. ಸ್ಕೇಲಿಟ್ಟ ಹಾಗೆ ಎಳೆದರೆ ಕಾರು ಸತ್ತ ಹಾಗೆ ಕಾಣುತ್ತದೆ.

ಮೊದಲು ಫೋಟೋ. ಪಕ್ಕದಿಂದ ತೆಗೆಯುವಾಗ ಹತ್ತಿರ ನಿಲ್ಲಬೇಡಿ. ಮೊಬೈಲ್ ಲೆನ್ಸಿಗೆ ಹತ್ತಿರದ ಬಾಗಿಲು ಉಬ್ಬಿ, ಎರಡೂ ತುದಿ ಕುಗ್ಗಿದ ಹಾಗೆ ಕಾಣುತ್ತದೆ. ರಸ್ತೆಯ ಆಚೆ ಬದಿಗೆ ಹೋಗಿ, ಕಾರಿನ ಬಾಗಿಲ ಎತ್ತರಕ್ಕೆ ಕೂತು, ಝೂಮ್ ಮಾಡಿ ತೆಗೆಯಿರಿ. ಆ ಫೋಟೋವನ್ನು ಇಂಕ್‌ಸ್ಕೇಪ್‌ಗೆ ತಂದು ಒಂದು ಲೇಯರ್‌ನಲ್ಲಿ, ಅಂದರೆ ಪದರದಲ್ಲಿ, ಇಟ್ಟು, ಅರ್ಧ ಮಂಕು ಮಾಡಿ, ಬೀಗ ಹಾಕಿಬಿಡಿ. ಮೇಲೆ ಇನ್ನೊಂದು ಲೇಯರ್‌ನಲ್ಲಿ ಗೆರೆ ಎಳೆಯಿರಿ.

ಅಷ್ಟೇ ಮಾಡಿದರೆ ಫೋಟೋದ ತಪ್ಪೂ ನಿಮ್ಮ ಚಿತ್ರಕ್ಕೆ ಬರುತ್ತದೆ. ಅದಕ್ಕೆ ಅಳತೆ ಬೇಕು. 800ರ ಉದ್ದ 3335 ಮಿ.ಮೀ., ಮುಂದಿನ ಚಕ್ರದ ನಡುಬಿಂದುವಿನಿಂದ ಹಿಂದಿನದರ ನಡುಬಿಂದುವಿಗೆ ಇರುವ ದೂರ, ಅಂದರೆ ವೀಲ್‌ಬೇಸ್, 2175 ಮಿ.ಮೀ. ಹತ್ತನೇ ಒಂದು ಪಾಲಿಗೆ ಇಳಿಸಿದರೆ ಉದ್ದ 333.5 ಮಿ.ಮೀ. ಆಗುತ್ತದೆ, ಎ3 ಹಾಳೆಯ ಉದ್ದ 420 ಮಿ.ಮೀ., ಆರಾಮಾಗಿ ಕೂರುತ್ತದೆ. ಇಂಕ್‌ಸ್ಕೇಪ್‌ನಲ್ಲಿ ಮಿಲಿಮೀಟರ್‌ನಲ್ಲೇ ಅಂಕಿ ಹೊಡೆದು ಗೈಡ್ ಗೆರೆ ಹಾಕಬಹುದು. ಟೈರಿನ ಅಳತೆ ಟೈರ್ ಮೇಲೇ ಬರೆದಿರುತ್ತದೆ. 145/70 ಆರ್12 ಅಂದರೆ 145 ಮಿ.ಮೀ. ಅಗಲ, ಅದರ ನೂರಕ್ಕೆ 70ರಷ್ಟು ಪಕ್ಕದ ಎತ್ತರ, ಒಳಗೆ 12 ಇಂಚಿನ ರಿಮ್. ಕೂಡಿದರೆ ಟೈರಿನ ಪೂರ್ತಿ ವ್ಯಾಸ ಸುಮಾರು 508 ಮಿ.ಮೀ. ಹಾಳೆಯ ಮೇಲೆ 50.8 ಮಿ.ಮೀ. ವೃತ್ತ. ಎರಡು ವೃತ್ತ ಇಟ್ಟು ನೋಡಿ, ಅವುಗಳ ನಡುವೆ ಅಂಥದ್ದೇ ಇನ್ನೂ ಮೂರು ಟೈರ್ ಹಿಡಿಸಿ ಸ್ವಲ್ಪ ಜಾಗ ಉಳಿಯುತ್ತದೆ. ಇಷ್ಟು ಸಣ್ಣ ಕಾರು ನೋಡೋಕೆ ಹದವಾಗಿರೋದು ಯಾಕೆ ಅಂತ ನನಗೆ ಆಗ ಹೊಳೆಯಿತು. ಚಕ್ರಗಳನ್ನು ಮೂಲೆಗಳಿಗೆ ತಳ್ಳಿದ್ದಾರೆ, ಮುಂದೆ ಹಿಂದೆ ಚಾಚಿರುವ ಭಾಗ ಕಡಿಮೆ. ಹಾಗೇ ಇನ್ನೊಂದು ವಿಷಯ, ಕಾರಿನ ಭಾರಕ್ಕೆ ಟೈರಿನ ತಳ ಸ್ವಲ್ಪ ಚಪ್ಪಟೆ ಆಗಿರುತ್ತದೆ. ವೃತ್ತವನ್ನು ಹಾಗೇ ಬಿಟ್ಟರೆ ಕಾರು ನೆಲದ ಮೇಲೆ ತೇಲಿದಂತೆ ಕಾಣುತ್ತದೆ, ಕೆಳಗಿನ ನೋಡನ್ನು ಸ್ವಲ್ಪ ಮೇಲೆತ್ತಿ.

ನೋಡ್ ಅಂದೆನಲ್ಲ, ಇಡೀ ಆಟ ಇರೋದೇ ಅಲ್ಲಿ. ಗೆರೆಯ ಮೇಲಿನ ಹಿಡಿತದ ಬಿಂದುವೇ ನೋಡ್. ಹೊಸಬರು ಬಾಗು ಸರಿಯಾಗಲಿ ಅಂತ ಹತ್ತಾರು ನೋಡ್ ಇಟ್ಟುಬಿಡುತ್ತಾರೆ. ಗೆರೆ ಅಲ್ಲಲ್ಲಿ ನಡುಗಿದ ಹಾಗೆ ಆಗುತ್ತದೆ. 800ರ ಬಾನೆಟ್ ತುದಿಯಿಂದ ಮುಂದಿನ ಗಾಜಿನ ಬುಡದವರೆಗೆ ಎರಡೇ ನೋಡ್ ಸಾಕು. ಎರಡೂ ಕಡೆ ನೋಡ್‌ನಿಂದ ಚಾಚಿರುವ ಹ್ಯಾಂಡಲ್ (ಹಿಡಿಕೆ) ಎಳೆದು ಬಾಗು ಕೂರಿಸಬೇಕು. ಮಾಡಿನ ಗೆರೆಗೂ ನೋಡ್ ಜಾಸ್ತಿ ಬೇಡ. ಕಡಿಮೆ ನೋಡ್ ಇದ್ದಷ್ಟೂ ಗೆರೆ ಉಸಿರಾಡುತ್ತದೆ. ಇಂಕ್‌ಸ್ಕೇಪ್‌ನ ನೋಡ್ ಟೂಲ್ ಈ ಕೆಲಸಕ್ಕೆ ನನ್ನ ಪ್ರಕಾರ ತುಂಬಾ ಚೆನ್ನಾಗಿದೆ. ಎನ್ ಒತ್ತಿ, ನೋಡ್ ಹಿಡಿದು, ಶಿಫ್ಟ್ ಜೊತೆ ಎಸ್ ಒತ್ತಿದರೆ ನಯವಾದ ಬಾಗು, ಸಿ ಒತ್ತಿದರೆ ಮೊನೆ. ಗೆರೆಯನ್ನೇ ಹಿಡಿದು ಎಳೆದರೂ ಬಾಗುತ್ತದೆ. ಮೌಸ್‌ನಲ್ಲೇ ಎಲ್ಲ ಆಗುತ್ತದೆ. ಫೋಟೋದಿಂದ ತಾನೇ ಗೆರೆ ತೆಗೆದುಕೊಡುವ ಟ್ರೇಸ್ ಬಿಟ್‌ಮ್ಯಾಪ್ ಅನ್ನೋದೂ ಇದೆ. ಕಾರಿಗೆ ಮಾತ್ರ ಅದನ್ನು ಮುಟ್ಟಬೇಡಿ. ನೂರಾರು ನೋಡ್ ಸುರಿದುಬಿಡುತ್ತದೆ, ಬಾಗಿಲ ಗೆರೆ ಯಾವುದು, ಮರದ ನೆರಳು ಯಾವುದು ಅಂತ ಅದಕ್ಕೆ ಗೊತ್ತಾಗಲ್ಲ.

ಚಕ್ರ ಮಾಡೋದು ಖುಷಿ. ಪಾತ್ ಎಫೆಕ್ಟ್‌ನಲ್ಲಿ ಸುತ್ತ ತಿರುಗಿಸಿ ನಕಲು ಮಾಡುವ ಸೌಲಭ್ಯ ಇದೆ. ಅಲಾಯ್ ಚಕ್ರದ ಒಂದೇ ಕಡ್ಡಿ ಬಿಡಿಸಿ, ಐದು ಅಂತ ಅಂಕಿ ಕೊಟ್ಟರೆ ಚಕ್ರ ತಯಾರು. ಆ ಒಂದು ಕಡ್ಡಿ ತಿದ್ದಿದರೆ ಐದೂ ತಾವೇ ತಿದ್ದಿಕೊಳ್ಳುತ್ತವೆ. ಕಾರಿನ ಮುಂಭಾಗಕ್ಕೆ ಕನ್ನಡಿ ಎಫೆಕ್ಟ್ ಇದೆ, ಎಡಭಾಗ ಬಿಡಿಸುತ್ತಿದ್ದ ಹಾಗೇ ಬಲಭಾಗ ಎದ್ದು ಬರುತ್ತದೆ. ಆಮೇಲೆ ವೈಪರ್, ಸ್ಟೀರಿಂಗ್, ಆಂಟೆನಾ ಇವನ್ನು ಬೇರೆಯಾಗಿ ಸೇರಿಸಬೇಕು. ಇವು ಎರಡೂ ಕಡೆ ಒಂದೇ ತರಹ ಇರೋದಿಲ್ಲ, ಕಾರು ಗೊತ್ತಿರುವವರ ಕಣ್ಣಿಗೆ ಅದು ತಕ್ಷಣ ಬೀಳುತ್ತದೆ. 2023ರಲ್ಲಿ 1.3 ಆವೃತ್ತಿಗೆ ಬಂದ ಶೇಪ್ ಬಿಲ್ಡರ್ ಕೂಡ ಒಳ್ಳೆಯದು. ಹೆಡ್‌ಲೈಟು, ಗ್ರಿಲ್ಲು, ಬಂಪರ್ ಒಂದರ ಮೇಲೊಂದು ಬಿಡಿಸಿಟ್ಟು, ಬೇಕಾದ ತುಂಡುಗಳ ಮೇಲೆ ಮೌಸ್ ಎಳೆದರೆ ಅವು ಕೂಡಿಕೊಳ್ಳುತ್ತವೆ.

ಬಣ್ಣದ ವಿಷಯಕ್ಕೆ ಬಂದರೆ ಬಿಳಿ ಕಾರೇ ಕಷ್ಟ. ಬಿಳಿ ಕಾರಿನಲ್ಲಿ ಬಿಳಿ ಇರೋದು ತೀರಾ ಕಡಿಮೆ. ಬಾನೆಟ್ಟು, ಮಾಡು ಆಕಾಶ ನೋಡುತ್ತವೆ, ಅಲ್ಲಿ ತಿಳಿ ನೀಲಿ ಇದೆ. ಬಾಗಿಲ ಕೆಳಭಾಗ ನೆಲ ನೋಡುತ್ತದೆ, ಅಲ್ಲಿ ಮಣ್ಣಿನ ಕಂದು ಅಥವಾ ಡಾಂಬರಿನ ಬೂದು. ಇವೆರಡು ಸೇರುವ ಕಡೆ, ಬಾಗಿಲ ಉದ್ದಕ್ಕೂ, ದೂರದ ಮನೆ ಮರಗಳ ಪ್ರತಿಬಿಂಬದ ಪಟ್ಟಿ ಇರುತ್ತದೆ. ಆ ಪಟ್ಟಿ ಸರಿ ಬಂದರೆ ತಗಡು ತಗಡಿನ ಹಾಗೇ ಹೊಳೆಯುತ್ತದೆ. ಒಂದು ಬಣ್ಣದಿಂದ ಇನ್ನೊಂದಕ್ಕೆ ಮೆಲ್ಲಗೆ ಜಾರುವ ಇಂಕ್‌ಸ್ಕೇಪ್‌ನ ಸಾದಾ ಗ್ರೇಡಿಯೆಂಟ್ ಇದಕ್ಕೆ ಸಾಕು. ಹೊಳಪಿನ ಆಕಾರಗಳನ್ನು ಬೇರೆ ಬೇರೆ ಬಿಡಿಸಿ, ಸ್ವಲ್ಪ ಬ್ಲರ್ ಕೊಟ್ಟು, ಬಾಡಿಯ ಆಕಾರದೊಳಗೆ ಕ್ಲಿಪ್ ಮಾಡಿದರೆ ಮುಗಿಯಿತು. ಮೆಶ್ ಗ್ರೇಡಿಯೆಂಟ್ ಅನ್ನುವ ದೊಡ್ಡ ಅಸ್ತ್ರವೂ ಇದೆ, ಫೆಂಡರಿನ ಉಬ್ಬು ತೋರಿಸೋಕೆ ಚೆನ್ನ. ಆದರೆ ಬ್ರೌಸರ್‌ಗಳಿಗೆ ಅದು ಅರ್ಥವಾಗಲ್ಲ. ಹಂಚಿಕೊಳ್ಳಬೇಕಾದರೆ ಪಿಎನ್‌ಜಿ ಮಾಡಿಯೇ ಕಳಿಸಬೇಕು.

ಬ್ಲರ್ ಜಾಸ್ತಿ ಆದರೆ ಸಣ್ಣ ಲ್ಯಾಪ್‌ಟಾಪ್ ತಿಣುಕುತ್ತದೆ. ಝೂಮ್ ಮಾಡಿದಾಗ ಪರದೆ ತುಂಡು ತುಂಡಾಗಿ ತುಂಬುತ್ತದೆ. ಗೆರೆಯ ಕೆಲಸ ಮಾಡುವಾಗ ಬರೀ ಗೆರೆ ತೋರಿಸುವ ಔಟ್‌ಲೈನ್ ಮೋಡ್‌ಗೆ ಹೋಗಿಬಿಡಿ, ಹಗುರ ಆಗುತ್ತದೆ. ಆಟೋಸೇವ್ ಆನ್ ಇದೆಯಾ, ಎಷ್ಟು ನಿಮಿಷಕ್ಕೊಮ್ಮೆ ಉಳಿಸುತ್ತದೆ ಅಂತ ಪ್ರಿಫರೆನ್ಸಸ್‌ನಲ್ಲಿ ನೋಡಿಕೊಳ್ಳಿ. ಭಾರದ ಫೈಲ್‌ನಲ್ಲಿ ಇದು ಬೇಕೇ ಬೇಕು.

ಇನ್ನು ಕನ್ನಡ ಅಕ್ಷರ. ನಮ್ಮವರು ಸಾಫ್ಟ್‌ವೇರ್ ಆರಿಸುವಾಗ ಇದನ್ನೇ ಮೊದಲು ನೋಡಬೇಕು ಅಂತ ನನ್ನ ಅನಿಸಿಕೆ. ಯೂನಿಕೋಡ್ ಕನ್ನಡ ಇಂಕ್‌ಸ್ಕೇಪ್‌ನಲ್ಲಿ ಯಾವ ಸೆಟ್ಟಿಂಗೂ ಬದಲಿಸದೆ ಸರಿಯಾಗಿ ಮೂಡುತ್ತದೆ. ಒತ್ತಕ್ಷರ ಕೆಳಗೆ ಕೂರುತ್ತದೆ, ಅರ್ಕಾವೊತ್ತು ತನ್ನ ಜಾಗಕ್ಕೆ ಹೋಗುತ್ತದೆ. ನುಡಿಯ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಮಾತ್ರ ಹಾಗೇ ತಂದು ಅಂಟಿಸಬೇಡಿ, ಇಂಗ್ಲಿಷ್ ಚಿಹ್ನೆಗಳ ರಾಶಿ ಬರುತ್ತದೆ. ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಿ.

ಮಾವ ತಮ್ಮ ಕ್ವಾಲಿಸ್‌ನ ಹಿಂದಿನ ಗಾಜಿಗೆ 'ತಂದೆ ತಾಯಿ ಆಶೀರ್ವಾದ' ಅಂತ ಬರೆಸಬೇಕು ಅಂದರು. ಕ್ವಾಲಿಸ್ ನಮ್ಮ ಬಿಡದಿಯ ಕಾರ್ಖಾನೆಯಲ್ಲೇ ತಯಾರಾದ ಗಾಡಿ, 2000ದಲ್ಲಿ ಬಂತು. ಅದಕ್ಕೆ ತಕ್ಕ ಗಟ್ಟಿ ಅಕ್ಷರ ಬೇಕು ಅಂತ 'ಬಾಲೂ ತಮ್ಮ' ಅನ್ನುವ ಫಾಂಟ್ ಆರಿಸಿದೆ. ಉಚಿತ ಫಾಂಟ್, ದಪ್ಪ, ಮೂಲೆಗಳು ದುಂಡಗೆ. ತೆಳು ಅಕ್ಷರ ಗಾಜಿನ ಮೇಲೆ ನಿಲ್ಲೋದಿಲ್ಲ, ಗಾಡಿ ತೊಳೆಯುವಾಗ ತುದಿ ಎದ್ದು ಬರುತ್ತದೆ.

ಹದಡಿ ರಸ್ತೆಯ ಕಡೆ ಒಂದು ರೇಡಿಯಂ ಅಂಗಡಿಗೆ ಪೆನ್‌ಡ್ರೈವ್ ತಗೊಂಡು ಹೋದೆ.

"ಸಿಡಿಆರ್ ಫೈಲ್ ಇದೆಯೇನಮ್ಮ?"

"ಇಲ್ಲ ಅಣ್ಣ, ಪಿಡಿಎಫ್ ಇದೆ."

"ಕೊಡು ನೋಡಾಣ. ಅಕ್ಷರ ಒಡೆದಿದ್ರೆ ಕಟಿಂಗ್ ಹಾಕಕ್ಕಾಗಲ್ಲ."

ಅಕ್ಷರ ಒಡೆದಿರಲಿಲ್ಲ. ಅಂಗಡಿ ಅಣ್ಣ ಕೋರಲ್‌ನಲ್ಲಿ ತೆರೆದು, ಹತ್ತಿರ ಹೋಗಿ ಒಂದೊಂದೇ ಅಕ್ಷರ ನೋಡಿ, ತಲೆ ಆಡಿಸಿ ಸ್ಟಿಕರ್ ಕತ್ತರಿಸುವ ಪ್ಲಾಟರ್‌ಗೆ ಕಳಿಸಿದರು. ಊರಿನ ರೇಡಿಯಂ ಅಂಗಡಿ, ಫ್ಲೆಕ್ಸ್ ಅಂಗಡಿಗಳಲ್ಲಿ ಹೆಚ್ಚಾಗಿ ನಡೆಯೋದು ಕೋರಲ್ ಡ್ರಾ. ಅದರ ಸ್ವಂತ ಸಿಡಿಆರ್ ಫೈಲನ್ನು ಇಂಕ್‌ಸ್ಕೇಪ್ ಬರೆದುಕೊಡುವುದಿಲ್ಲ. ಪಿಡಿಎಫ್ ಅಥವಾ ಇಪಿಎಸ್ ಕೊಡಬೇಕು. ಕೊಡುವ ಮುಂಚೆ ಮನೆಯಲ್ಲೇ ಮಾಡಿಕೊಳ್ಳಬೇಕಾದ ಕೆಲಸ ಕೆಲವಿದೆ. ಅಕ್ಷರವನ್ನು ಪಾತ್ ಆಗಿ, ಅಂದರೆ ಬರೀ ಗೆರೆಯ ಆಕಾರವಾಗಿ ಬದಲಿಸಿ, ಯಾಕಂದರೆ ಅಂಗಡಿಯ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇರಲಿಕ್ಕಿಲ್ಲ. ಆಮೇಲೆ ಗುಂಪು ಬಿಡಿಸಿ ಯೂನಿಯನ್ ಮಾಡಿ, ಅಂದರೆ ಒಂದೇ ಆಕಾರವಾಗಿ ಸೇರಿಸಿ. ಕೆಲವು ಫಾಂಟ್‌ಗಳಲ್ಲಿ ಅಕ್ಷರವೂ ಒತ್ತಕ್ಷರವೂ ಒಂದರ ಮೇಲೊಂದು ಹತ್ತಿರುತ್ತವೆ. ಪರದೆಯಲ್ಲಿ ಅದು ಕಾಣಲ್ಲ. ಪ್ಲಾಟರ್‌ನ ಬ್ಲೇಡಿಗೆ ಎರಡೂ ಬೇರೆ ಬೇರೆ ಗೆರೆ, ಹತ್ತಿದ ಕಡೆಯೂ ಸೀಳಿಬಿಡುತ್ತದೆ. ದಪ್ಪ ಗೆರೆ ಎಳೆದು ಮಾಡಿದ ಚಿತ್ರ ಇದ್ದರೆ ಸ್ಟ್ರೋಕ್ ಟು ಪಾತ್ ಮಾಡಿ. ಬ್ಲೇಡ್ ನೋಡೋದು ಅಂಚನ್ನು ಮಾತ್ರ, ಗೆರೆಯ ದಪ್ಪವನ್ನಲ್ಲ. ಬ್ಲರ್, ಗ್ರೇಡಿಯೆಂಟ್ ಇಲ್ಲಿ ಕೆಲಸಕ್ಕೆ ಬರಲ್ಲ. ಪಕ್ಕದಲ್ಲಿ 100 ಮಿ.ಮೀ. ಉದ್ದಗಲದ ಒಂದು ಚೌಕ ಬಿಡಿಸಿ ಕಳಿಸೋದು ನನ್ನ ಅಭ್ಯಾಸ. ಬೇರೆ ಸಾಫ್ಟ್‌ವೇರ್‌ನಲ್ಲಿ ಅಳತೆ ಹೆಚ್ಚುಕಮ್ಮಿ ಆಗಿದ್ದರೆ ಆ ಚೌಕ ಅಳೆದ ಕೂಡಲೇ ಗೊತ್ತಾಗುತ್ತದೆ. ಮಾವನ ಗಾಡಿಯ ಅಕ್ಷರ ಈಗ ಹಿಂದಿನ ಲಾರಿಯವರಿಗೂ ಓದೋಕೆ ಬರುತ್ತದೆ.

ಇಂಕ್‌ಸ್ಕೇಪ್ ಕೈ ಕೊಡೋದು ಬಣ್ಣದ ಮುದ್ರಣದಲ್ಲಿ. ಇದು ಪರದೆಯ ಬಣ್ಣದಲ್ಲಿ, ಅಂದರೆ ಕೆಂಪು, ಹಸಿರು, ನೀಲಿ ಬೆಳಕಿನ ಲೆಕ್ಕದಲ್ಲಿ ಕೆಲಸ ಮಾಡುತ್ತದೆ. ಆಫ್‌ಸೆಟ್ ಪ್ರೆಸ್‌ಗೆ ಬೇಕಾಗಿರೋದು ನಾಲ್ಕು ಶಾಯಿಯ ಸಿಎಂವೈಕೆ. 1.4ರಲ್ಲೂ ಪಿಡಿಎಫ್ ಪರದೆಯ ಬಣ್ಣದಲ್ಲೇ ಹೊರಬರುತ್ತದೆ. ಪರದೆಯಲ್ಲಿ ಕುಣಿಯುವ ನೀಲಿ, ಎದ್ದು ಕಾಣುವ ಕಿತ್ತಳೆ ಕಾಗದದ ಮೇಲೆ ಮಂಕಾಗುತ್ತವೆ. ರ‍್ಯಾಲಿ ಕಾರಿನ ಪೋಸ್ಟರ್ ಮಾಡುವವರಿಗೆ ಇದು ನಿಜವಾಗಿಯೂ ಬೇಜಾರು, ಯಾಕಂದರೆ ಅಲ್ಲಿ ಬಣ್ಣವೇ ಅರ್ಧ ಕಾರು. ದಾರಿ ಇಲ್ಲ ಅಂತಲ್ಲ. ಸ್ಕ್ರೈಬಸ್ ಅನ್ನುವ ಇನ್ನೊಂದು ಉಚಿತ ಸಾಫ್ಟ್‌ವೇರ್‌ಗೆ ಚಿತ್ರ ತಂದು, ಅಲ್ಲಿ ಬಣ್ಣ ಬದಲಿಸಿ ಪಿಡಿಎಫ್ ಮಾಡಬಹುದು. ಡಿಜಿಟಲ್ ಪ್ರಿಂಟ್ ಆದರೆ ಮೊದಲು ಒಂದು ಎ4 ಪ್ರಿಂಟ್ ತೆಗೆಸಿ, ಬಣ್ಣ ನೋಡಿ, ಆಮೇಲೆ ದೊಡ್ಡದಕ್ಕೆ ಹೋಗಿ. ಆದರೂ ಇಷ್ಟು ವರ್ಷ ಆದ ಸಾಫ್ಟ್‌ವೇರ್‌ನಲ್ಲಿ ಇದು ಒಳಗೇ ಇರಬೇಕಿತ್ತು. ಇದಕ್ಕೆ ನಾನು ಪೂರ್ತಿ ಒಂದು ಅಂಕ ಕಳೆಯುತ್ತೇನೆ. ಐದಕ್ಕೆ ನಾಲ್ಕು.

ಬೇರೆ ಆಯ್ಕೆಗಳ ಬಗ್ಗೆಯೂ ಎರಡು ಮಾತು. ಇಲ್ಲಸ್ಟ್ರೇಟರ್, ಕೋರಲ್ ಎರಡೂ ಬಲವಾದವು, ಕೆಲಸ ಸಿಕ್ಕ ಕಡೆ ಅವನ್ನೇ ಕೇಳಬಹುದು. ವಿದ್ಯಾರ್ಥಿ ಜೇಬಿಗೆ ಭಾರ. ಅಫಿನಿಟಿ 2025ರಲ್ಲಿ ಉಚಿತವಾಯಿತು. ಅದರಲ್ಲಿ ಸಿಎಂವೈಕೆ ಇದೆ, ಆದ್ದರಿಂದ ಮುದ್ರಣದ ಕೆಲಸವೇ ಜಾಸ್ತಿ ಇದ್ದವರು ಅದನ್ನು ನೋಡಲಿ. ಅಕೌಂಟ್ ಮಾಡಿಕೊಳ್ಳಬೇಕು, ಲಿನಕ್ಸ್‌ಗೆ ಬಂದಿಲ್ಲ. ಕುಂಚದಲ್ಲಿ ಬಣ್ಣ ಬಳಿದ ಹಾಗೆ ಕಾರು ಬಿಡಿಸುವ ಆಸೆ ಇದ್ದರೆ ಕ್ರಿಟಾ ಒಳ್ಳೆಯದು, ಆದರೆ ಪೆನ್ ಟ್ಯಾಬ್ಲೆಟ್ ಬೇಕಾಗುತ್ತದೆ. ಫೋಟೋ ತಿದ್ದುವುದಷ್ಟೇ ಕೆಲಸ ಅಂದರೆ ಇಂಕ್‌ಸ್ಕೇಪ್ ತೆರೆಯಲೇಬೇಡಿ, ಗಿಂಪ್ ಸಾಕು.

ಶುರು ಮಾಡುವವರು ಎಲ್ಲ ಟೂಲ್ ಕಲಿಯೋಕೆ ಹೋಗಬೇಡಿ. ಬಿ, ಎನ್, ಗ್ರೇಡಿಯೆಂಟಿನ ಜಿ, ಇಷ್ಟರಲ್ಲೇ ಒಂದು ಕಾರು ಮುಗಿಸಿ. ಮೊದಲಿಗೆ ಪಕ್ಕದ ನೋಟ, ಮುಂಭಾಗವೂ ಪಕ್ಕವೂ ಒಟ್ಟಿಗೆ ಕಾಣುವ ಓರೆ ನೋಟ ಆಮೇಲೆ. ಮನೆ ಮುಂದೆ ನಿಂತಿರುವ, ಕೈಯಿಟ್ಟು ಸವರಿ ನೋಡಬಹುದಾದ ಕಾರನ್ನೇ ಆರಿಸಿ. ಬಾಗಿಲ ಮೇಲೆ ಅಂಗೈ ಓಡಿಸಿದರೆ ಬಾಗು ಎಲ್ಲಿ ತಿರುಗುತ್ತದೆ ಅಂತ ತಿಳಿಯುತ್ತದೆ, ನೋಡ್ ಇಡಬೇಕಾದ್ದು ಅಲ್ಲೇ. ಸಾಫ್ಟ್‌ವೇರನ್ನು ಇಂಕ್‌ಸ್ಕೇಪ್‌ನವರ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಿ, ಹುಡುಕಿದಾಗ ಮೊದಲು ಬರುವ ಜಾಹೀರಾತಿನ ಕೊಂಡಿ ಒತ್ತಬೇಡಿ. ದಾವಣಗೆರೆಯಲ್ಲೇ ಇದ್ದು ಕಾರು ಬಿಡಿಸೋಕೆ ಶುರು ಮಾಡಿದ್ದರೆ ಫೈಲ್ ಕಳಿಸಿ, ನೋಡ್ ಎಲ್ಲಿ ಜಾಸ್ತಿ ಆಗಿದೆ ಅಂತ ನೋಡಿ ಹೇಳುತ್ತೇನೆ.